ಐದನೆಯ ಅಳತೆ

ವಿಜಯಪುರ

ಚಿ. ಮಲ್ಲಿಕಾರ್ಜುನನಿಗೆ ಅತ್ತೆಯ ಆಶೀರ್ವಾದ.

ನೀನು ವಾಟ್ಸಾಪಿನಲ್ಲಿ ಕಳಿಸಿದ ರಕ್ತದ ರಿಪೋರ್ಟ್ ನೋಡಿದೆ. ಕೆಳಗೆ 'ಎಲ್ಲಾ ಬಾರ್ಡರ್‌ನಲ್ಲಿದೆ ಅತ್ತಿ, ಟೆನ್ಷನ್ ಮಾಡ್ಕೋಬೇಡ' ಅಂತ ಬರೆದಿದ್ದೆ. ಆ ಮಾತು ಓದಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ನಿಮ್ಮ ಮಾಮಾ ಕೂಡ ಹೀಗೇ ಹೇಳುತ್ತಿದ್ದರು. ಬಿಪಿ ಸ್ವಲ್ಪ ಜಾಸ್ತಿ, ಶುಗರ್ ಬಾರ್ಡರ್, ಹೊಟ್ಟೆ ಬಂದರೆ ಉಂಡು ಸುಖವಾಗಿರುವವರ ಲಕ್ಷಣ. ಒಂದೊಂದನ್ನೇ ಬಿಡಿಸಿ ನೋಡಿದರೆ ಯಾವುದಕ್ಕೂ ಹೆದರಬೇಕು ಅನ್ನಿಸುತ್ತಿರಲಿಲ್ಲ. ಎಲ್ಲವನ್ನೂ ಕೂಡಿಸಿ ನೋಡಬೇಕು ಅಂತ ನಮಗೆ ತಿಳಿಯಲಿಲ್ಲ.

ನಿನ್ನ ರಿಪೋರ್ಟನ್ನು ಈಗ ಕೂಡಿಸಿ ನೋಡೋಣ. ಡಾಕ್ಟರು ಐದು ಅಳತೆ ನೋಡುತ್ತಾರೆ. ಬಿಪಿ 130/85, ಖಾಲಿ ಹೊಟ್ಟೆಯ ಶುಗರ್ 100, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150. ಇಷ್ಟಕ್ಕೆ ಮುಟ್ಟಿದರೂ ಲೆಕ್ಕಕ್ಕೆ ಬಂತು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ ಇಳಿಯಬಾರದು. ಐದನೆಯದು ಸೊಂಟದ ಸುತ್ತಳತೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಐದರಲ್ಲಿ ಮೂರು ಕೆಟ್ಟರೂ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ಅದು ಇದ್ದವರಿಗೆ ಲಕ್ವಾ ಹೊಡೆಯುವ ಅಪಾಯ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ನಿನ್ನ ಬಿಪಿ 136/88, ಶುಗರ್ 109, ಟ್ರೈಗ್ಲಿಸರೈಡ್ 214, ಎಚ್‌ಡಿಎಲ್ 35. ನಾಲ್ಕು ಆಗಲೇ ಆಯಿತು. ನಿನಗಿನ್ನೂ ಮೂವತ್ತಾರು.

ತಿಕೋಟಾದ ದ್ರಾಕ್ಷಿ ತೋಟದ ಡ್ರಿಪ್ ಪೈಪ್ ನೆನಪಿದೆ ಅಲ್ವಾ? ಬೋರಿನ ಸವಳು ನೀರಿಗೆ ಪೈಪಿನ ಒಳಗೆ ಬಿಳಿ ಪದರ ಕಟ್ಟುತ್ತಿತ್ತು. ಮೇಲಿಂದ ನೋಡಿದರೆ ಪೈಪ್ ಹೊಸದರ ಹಾಗೇ ಇರುತ್ತಿತ್ತು. ಸಾಲಿನ ತುದಿಯ ಬಳ್ಳಿ ಬಾಡಿದ ಮೇಲೆ ನಿಮ್ಮಪ್ಪ ಕತ್ತರಿಸಿ ನೋಡುತ್ತಿದ್ದ. ನಮ್ಮ ರಕ್ತನಾಳದ ಕಥೆಯೂ ಹೆಚ್ಚುಕಡಿಮೆ ಅದೇ. ಹೊಟ್ಟೆಯ ಒಳಗೆ, ಲಿವರಿನ ಸುತ್ತ ಕೂತ ಕೊಬ್ಬು ಸುಮ್ನೆ ಕೂರುವುದಿಲ್ಲ. ಅದರಿಂದ ಶುಗರನ್ನು ಹದದಲ್ಲಿಡುವ ಇನ್ಸುಲಿನ್ ಕೆಲಸ ಸರಿಯಾಗಿ ನಡೆಯುವುದಿಲ್ಲ, ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಕಿಡ್ನಿ ಉಪ್ಪು ಹಿಡಿದಿಟ್ಟುಕೊಂಡು ಬಿಪಿ ಏರುತ್ತದೆ. ಲಿವರ್ ರಕ್ತಕ್ಕೆ ಕೊಬ್ಬು ಬಿಡುತ್ತದೆ. ನಾಳದ ಒಳಗೋಡೆ ಕೆಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇವೆಲ್ಲ ಒಂದೇ ಬೇರಿನ ಟೊಂಗೆಗಳು ಮಗನೇ. ಅದಕ್ಕೇ ನಾಲ್ಕು ಬಾರ್ಡರ್ ಸೇರಿದರೆ ಬಾರ್ಡರ್ ಆಗಿ ಉಳಿಯುವುದಿಲ್ಲ.

ಮಾಮಾಗೆ ಲಕ್ವಾ ಹೊಡೆದ ದಿನದ್ದು ನಿನಗೆ ಪೂರ್ತಿ ಹೇಳಿಲ್ಲ. ಬೆಳಿಗ್ಗೆ ಆರೂವರೆ. ಮಾಮಾ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಬಲಗೈಯಿಂದ ಬಟ್ಟಲು ಜಾರಿತು. ಬಿದ್ದ ಬಟ್ಟಲನ್ನು ನೋಡುತ್ತಾ ಕೂತರು, ಎತ್ತಲಿಲ್ಲ. ಏನಾಯಿತು ಅಂದರೆ ಬಾಯಿ ತೆರೆದರು, ಮಾತು ಬರಲಿಲ್ಲ. ನಾನು ನೀರು ಕುಡಿಸಿದೆ. ಬಾಯಿಯ ಒಂದು ಮೂಲೆಯಿಂದ ಅಂಗಿಯ ಮೇಲೆ ಸೋರಿತು. ರಾತ್ರಿ ನಿದ್ದೆ ಸರಿಯಾಗಿಲ್ಲ, ವಾಯು ಇರಬೇಕು ಅಂತ ಮಲಗಿಸಿ ಎಣ್ಣೆ ತಿಕ್ಕಿದೆವು. ಆಮೇಲೆ ಯಾರೋ ಹೇಳಿದರು ಅಂತ ಲಕ್ವಾದ ಔಷಧ ಕೊಡುವ ಹಳ್ಳಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಮೆದುಳಿನ ನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂತ ಆಗ ತಿಳಿಯಿತು. ಈಗ ಮಾಮಾಗೆ ಉಳಿದದ್ದು ಒಂದೇ ಮಾತು. ಚಹಾ ಬೇಕಾ ಅಂದರೂ ಹೌದು, ಬೇಡವಾ ಅಂದರೂ ಹೌದು. ನಾನು ಅವರ ಕಣ್ಣು ನೋಡಿ ತಿಳಿದುಕೊಳ್ಳುತ್ತೇನೆ.

ಅದಕ್ಕೆ ಇದನ್ನು ನಿನ್ನ ಹೆಂಡತಿಗೂ ಓದಿ ಹೇಳು. ಮುಖ ಒಂದು ಕಡೆ ಜೋತರೆ, ಎರಡೂ ಕೈ ಎತ್ತು ಅಂದಾಗ ಒಂದು ಕೆಳಗೆ ಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಬೇಕು. ಗಡಿಯಾರ ನೋಡಿ ಹೊತ್ತು ಬರೆದಿಡಬೇಕು. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ಸೋರಿದೆಯೋ ಅಂತ ಸ್ಕ್ಯಾನ್ ಮಾಡಿದ ಮೇಲೇ ತಿಳಿಯುವುದು. ಅದಕ್ಕೇ ಮನೆಯಲ್ಲಿ ಮಾತ್ರೆ ಕೊಡಬಾರದು. ನುಂಗಲಾಗದೆ ಉಸಿರಿನ ನಾಳಕ್ಕೆ ಹೋಗಬಹುದು, ಆದ್ದರಿಂದ ನೀರು, ಊಟವನ್ನೂ ಬಾಯಿಗೆ ಹಾಕಬಾರದು. ಹತ್ತು ನಿಮಿಷಕ್ಕೆ ತಾನಾಗಿ ಸರಿಹೋದರೂ ಹೋಗಲೇಬೇಕು. ಅದು ದೊಡ್ಡದರ ಮುನ್ಸೂಚನೆ ಇರಬಹುದು.

ಊಟದ ವಿಷಯ ನಿನಗೆ ಗೊತ್ತಿಲ್ಲದ್ದೇನಲ್ಲ. 'ನಾವು ರೊಟ್ಟಿ ತಿನ್ನುವವರು, ನಮಗೇನಾಗುತ್ತದೆ' ಅನ್ನಬೇಡ. ಅದೇ ರೊಟ್ಟಿ ತಿಂದ ನಿಮ್ಮಜ್ಜ ದಿನವಿಡೀ ಎತ್ತಿನ ಹಿಂದೆ ನಡೆಯುತ್ತಿದ್ದ. ನೀನು ಕುರ್ಚಿಯಿಂದ ಕಾರಿಗೆ, ಕಾರಿನಿಂದ ಕುರ್ಚಿಗೆ. ಕುಂದಾ, ಕರದಂಟು ಹಬ್ಬಕ್ಕಿರಲಿ. ಕರದಂಟಿನಲ್ಲಿ ಬೆಲ್ಲ, ಉತ್ತತ್ತಿ ಇದೆ, ಒಳ್ಳೆಯದು ಅಂತ ನೀನು ವಾದ ಮಾಡುತ್ತೀ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ಉಪ್ಪು ದಿನಕ್ಕೆ ಎಲ್ಲಾ ಸೇರಿ 5 ಗ್ರಾಮಿಗಿಂತ ಕಡಿಮೆ ಇರಬೇಕು, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿಯ ಉಪ್ಪೂ ಅದರಲ್ಲೇ ಬಂತು. ಗುಟ್ಕಾ ಇವತ್ತೇ ಬಿಡು. ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆ. ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನ ನಿನ್ನ ಮನೆಗೆ ಹತ್ತಿರವೇ, ಅಲ್ಲಿ ಮರದ ನೆರಳೂ ಇದೆ. ನಿನ್ನ ತೂಕ 88 ಕಿಲೋ. ಒಮ್ಮೆಲೇ 70ಕ್ಕೆ ಇಳಿಯಬೇಕಾಗಿಲ್ಲ. ನಾಲ್ಕೈದು ಕಿಲೋ ಇಳಿದರೂ ಬಿಪಿ, ಶುಗರ್, ಕೊಬ್ಬು ಜೊತೆಗೇ ಇಳಿಯತೊಡಗುತ್ತವೆ. ಒಂದೇ ಬೇರು ಅಂದೆನಲ್ಲ, ಅದರ ಲಾಭವೂ ಇದೆ. ಡಾಕ್ಟರು ಬಿಪಿ ಮಾತ್ರೆ ಶುರು ಮಾಡಿದರೆ ತಪ್ಪದೇ ತೆಗೆದುಕೋ. ಚೆನ್ನಾಗಿದ್ದೇನೆ ಅಂತ ನಿಮ್ಮ ಮಾಮಾ ನಡುವೆಯೇ ಬಿಟ್ಟಿದ್ದರು.

ಇನ್ನು ಐದನೆಯ ಅಳತೆ ಬಾಕಿ. ಹೋದ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಬಂದಾಗ ನಿನ್ನ ಹೊಟ್ಟೆ ನೋಡಿದ್ದೇನೆ, ಆದರೆ ಅಂದಾಜು ಬೇಡ. ದರ್ಜಿಯ ಟೇಪ್ ತಗೋ. ಅಂಗಿ ತೆಗೆದು, ಪಕ್ಕೆಲುಬಿನ ಕೆಳಗೆ, ಸೊಂಟದ ಎಲುಬಿನ ಮೇಲೆ, ಎರಡರ ನಡುವೆ ಸುತ್ತು. ಹೊಟ್ಟೆ ಒಳಗೆ ಎಳೆಯಬೇಡ, ಉಸಿರು ಬಿಟ್ಟ ಮೇಲೆ ನೋಡು. ಭಾನುವಾರ ಫೋನ್ ಮಾಡಿದಾಗ ಆ ನಂಬರ್ ಹೇಳು. ಪ್ಯಾಂಟಿನ ನಂಬರ್ ಹೇಳಬೇಡ.

ನಿನ್ನ ಅತ್ತೆ