ಬೊಂಬೆ ಅಂದರೆ ಬೈಗುಳವಾ?

ಪುಟ್ಟೀ,

ನೀನು ಹೇಳಿದ ಹಾಗೇ ಆ ಸ್ಪೈಡರ್‌ಮ್ಯಾನ್ ಕಾರ್ಟೂನ್ ಸರಣಿ ನೋಡಿದೆ. ಒಂದೇ ಕಂತು. ಎರಡನೆಯದೂ ಅದೇ ದಿನ, ಜನವರಿ 29ಕ್ಕೇ ಬಂದಿತ್ತು, ಬೆರಳು ಅಲ್ಲಿಗೇ ಹೋಗುತ್ತಿತ್ತು. ಆದರೆ "ಮೊದಲನೆಯದು ಮಾತ್ರ ನೋಡು, ಬರೆದು ಕಳಿಸು, ವಾಯ್ಸ್ ಮೆಸೇಜ್ ಬೇಡ" ಅಂತ ನಿನ್ನ ಆರ್ಡರ್ ಇತ್ತಲ್ಲ. ಅಂಗಳದ ಅಡಿಕೆ ಗುಡಿಸಿ, ಅಪ್ಪ ಮಲಗಿದ ಮೇಲೆ, ಚಾವಡಿಯಲ್ಲಿ ಕೂತು ನೋಡಿದ್ದು. ಇಂಗ್ಲಿಷಿನಲ್ಲೇ. ಕೆಳಗೆ ಬರುವ ಅಕ್ಷರ ಓದುವಷ್ಟರಲ್ಲಿ ಆ ಹುಡುಗ ಪೀಟರ್ ಇನ್ನೊಂದು ಕಟ್ಟಡಕ್ಕೆ ಹಾರಿರುತ್ತಿದ್ದ. ಹೆಸರಾದರೂ ಎಂಥದ್ದು! 'ಯುವರ್ ಫ್ರೆಂಡ್ಲಿ ನೈಬರ್‌ಹುಡ್ ಸ್ಪೈಡರ್‌ಮ್ಯಾನ್' ಅಂತ ಹೇಳಿ ಮುಗಿಸುವಾಗ ಕುಂಬಳೆ ಬಸ್ಸು ಹೋಗಿರುತ್ತದೆ, ಮಾರಾಯ್ತಿ.

ನಿನ್ನ ತೀರ್ಪು ಒಂದೇ ಸಾಲು. "ಕಥೆ ಓಕೆ, ಆದ್ರೆ ಎಲ್ಲರೂ ಬೊಂಬೆ ತರ ನಡೀತಾರೆ." ಆ ಸಾಲು ನನಗೆ ಚುಚ್ಚಿತು. ಅದಕ್ಕೇ ಇಷ್ಟುದ್ದ ಪತ್ರ.

ಮೊದಲು ಕಥೆ. ಬೆಳಿಗ್ಗೆ ದೋಸೆ ತಿನ್ನುತ್ತಾ ಅಪ್ಪನಿಗೆ ಹೇಳಿದೆ. "ಇನ್ನೊಮ್ಮೆ ಜೇಡ ಕಚ್ಚುವುದಾ? ಎಷ್ಟು ಸಲ ಕಚ್ಚಿಸಿಕೊಳ್ಳುತ್ತಾನೆ ಅವನು?" ಅಂತ ನಕ್ಕರು. ನೀವು ಎಷ್ಟು ಸಲ ಸೀತಾಪಹರಣ ನೋಡಿದ್ದೀರಿ ಅಂತ ಕೇಳಿದೆ. ಮಾತಿಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ ಬರೆದ ರಾಮಾಯಣದ ಪದ್ಯಗಳನ್ನು ಇವತ್ತಿಗೂ ನಮ್ಮ ಗದ್ದೆಯಲ್ಲಿ ಹಾಡುತ್ತಾರೆ. ಮುಂದೆ ಏನಾಗುತ್ತದೆ ಅಂತ ತಿಳಿಯಲು ಆಟಕ್ಕೆ ಯಾರೂ ಹೋಗುವುದಿಲ್ಲ. ಇವತ್ತಿನ ರಾವಣ ಏನು ಹೇಳುತ್ತಾನೆ ಅಂತ ನೋಡಲು ಹೋಗುತ್ತಾರೆ.

ಈ ಸರಣಿಯವರೂ ಹಳೇ ಪ್ರಸಂಗ ಅಂತ ಒಪ್ಪಿಕೊಂಡೇ ಶುರು ಮಾಡಿದ್ದಾರೆ. ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಸೇರಿ 1962ರಲ್ಲಿ ಈ ಹುಡುಗನನ್ನು ತಂದ ಕಾಮಿಕ್ಸ್ ಪತ್ರಿಕೆಯ ಹೆಸರು 'ಅಮೇಜಿಂಗ್ ಫ್ಯಾಂಟಸಿ'. ಮೊದಲ ಕಂತಿಗೂ ಅದೇ ಹೆಸರು. ಆಗ ಜೇಡ ಕಚ್ಚಿದ್ದು ವಿಜ್ಞಾನ ಪ್ರದರ್ಶನದಲ್ಲಿ. ಈಗ ಹೊಸ ಶಾಲೆಯ ಮೊದಲ ದಿನ. ಡಾಕ್ಟರ್ ಸ್ಟ್ರೇಂಜ್ ಎಂಬ ಮಂತ್ರವಾದಿ ಒಂದು ಭೂತದ ಜೊತೆ ಗುದ್ದಾಡುತ್ತಾ ಬರುತ್ತಾನೆ. ಗಾಳಿಯಲ್ಲೇ ಒಂದು ಬಾಗಿಲು ತೆರೆದು, ಅದರೊಳಗಿಂದ ಜೇಡ ಬೀಳುತ್ತದೆ. ಶಾಲೆ ಪುಡಿ. ಹುಡುಗ ಬೇರೆ ಶಾಲೆಗೆ. ಚಿಕ್ಕಪ್ಪ ಬೆನ್ ಸಾಯುವುದನ್ನು ಇವರು ತೋರಿಸುವುದೇ ಇಲ್ಲ. ಕಥೆ ಶುರುವಾಗುವ ಮೊದಲೇ ಅವರು ಇಲ್ಲ. ಇದು ನನಗೆ ಹಿಡಿಸಿತು. ಸಾವು ತೋರಿಸಿ ಅಳಿಸುವುದು ಸುಲಭ. ಒಬ್ಬರು ಇಲ್ಲದ ಮನೆಯಲ್ಲಿ ಉಳಿದ ಇಬ್ಬರು ಹೇಗಿರುತ್ತಾರೆ ಅಂತ ತೋರಿಸುವುದು ಬೇರೆ ಕೆಲಸ.

ಈಗ ಬೊಂಬೆಗೆ ಬರುತ್ತೇನೆ.

ನಿನಗೆ ಆರು ವರ್ಷ. ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರ ಆಟಕ್ಕೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ನಮ್ಮ ತೆಂಕಣ ಯಕ್ಷಗಾನದ, ಅಂದರೆ ತೆಂಕುತಿಟ್ಟಿನದೇ ವೇಷ, ಅದೇ ಕಿರೀಟ, ಅದೇ ಬಣ್ಣ, ಸಣ್ಣ ಅಳತೆಯಲ್ಲಿ. ನೀನು ಮುಂದಿನ ಸಾಲಿನಲ್ಲಿ ಕೂತು ಬಾಯಿ ಬಿಟ್ಟು ನೋಡುತ್ತಿದ್ದೆ. ಆ ಬೊಂಬೆಗಳ ಮುಖ ಅಲ್ಲಾಡುವುದಿಲ್ಲ. ಹುಬ್ಬು ಏರುವುದಿಲ್ಲ, ತುಟಿ ನಗುವುದಿಲ್ಲ. ಬರೆದದ್ದು ಬರೆದ ಹಾಗೇ. ಆದರೂ ದಾರ ಎಳೆಯುವವರು ಕತ್ತನ್ನು ಚೂರು ತಗ್ಗಿಸಿದಾಗ ನೀನು ನನ್ನ ಸೆರಗು ಹಿಡಿದು, "ಅಮ್ಮಾ, ಅದು ಅಳ್ತಾ ಇದೆ" ಅಂದೆ. ಇನ್ನೊಂದು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಅದರ ಕಾಲು ನೆಲಕ್ಕೆ ಊರುತ್ತಿತ್ತು. ಮೇಲಿನಿಂದ ನೇತುಬಿಟ್ಟ ಬೊಂಬೆಗೆ ನೆಲದ ಮೇಲೆ ಭಾರ ಇದೆ ಅಂತ ನಂಬಿಸುವುದು ಸುಮ್ನೆ ಮಾತಲ್ಲ. ಅದರ ಸಹಜ ಬುದ್ಧಿ ತೇಲುವುದು.

ನಿನ್ನ ಪೀಟರ್ ತೇಲುತ್ತಾನೆ. ಅಷ್ಟೇ ನನ್ನ ದೂರು. ಎರಡನೇ ಸಲ ಶಬ್ದ ಮುಚ್ಚಿ ನೋಡಿದೆ. (ಅಪ್ಪನ ನಿದ್ದೆಗಾಗಿ, ಬುದ್ಧಿವಂತಿಕೆಯಿಂದ ಅಲ್ಲ.) ಮೊದಲ ಸಲ ಹೆಜ್ಜೆಯ ಸದ್ದು ಕಿವಿಗೆ ಬಿದ್ದು ಕಣ್ಣು ಮೋಸ ಹೋಗಿತ್ತು. ಸದ್ದು ಹೋದ ಮೇಲೆ ಗೊತ್ತಾಯಿತು, ಕಟ್ಟಡದಿಂದ ಕಟ್ಟಡಕ್ಕೆ ಹಾರುವಾಗ ಚೆನ್ನಾಗಿದೆ, ಶಾಲೆಯಲ್ಲಿ ಸುಮ್ಮನೆ ನಡೆಯುವಾಗ ಪಾದ ನೆಲಕ್ಕೆ ಒತ್ತುವುದಿಲ್ಲ. ಹಾರಿಸುವುದು ಸುಲಭ, ನಡೆಸುವುದು ಕಷ್ಟ ಅಂತ ದಸರಾ ರಜೆಯಲ್ಲಿ ನೀನೇ ಹೇಳಿದ್ದೆ.

ಇನ್ನೊಂದೂ ಹೇಳಿದ್ದೆ. ಸೆಕೆಂಡಿಗೆ 24 ಚಿತ್ರ, ಕೆಲವೊಮ್ಮೆ 12ರಲ್ಲೇ ಮುಗಿಸುತ್ತಾರೆ ಅಂತ. 2018ರ ಆ ಸ್ಪೈಡರ್‌ವರ್ಸ್ ಸಿನಿಮಾದಲ್ಲಿ ಕಾಡಿನಲ್ಲಿ ಹಾರಲು ಕಲಿಯುವ ಹುಡುಗನಿಗೆ 12, ಪಳಗಿದ ಪೀಟರನಿಗೆ 24. ಅದಕ್ಕೇ ಹುಡುಗ ತಡವರಿಸಿದ ಹಾಗೆ ಕಾಣುವುದು ಅಂತ ಫೋನು ನಿಲ್ಲಿಸಿ ನಿಲ್ಲಿಸಿ ತೋರಿಸಿದ್ದೆ. ಅಲ್ಲಿ ಆ ಕೊರತೆಗೆ ಒಂದು ಅರ್ಥ ಇತ್ತು. ಇಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ. ಗೆರೆ, ಬಣ್ಣ ಮಾತ್ರ ಚಂದ, ಹಳೇ ಕಾಮಿಕ್ಸ್ ಪುಸ್ತಕ ತೆರೆದ ಹಾಗಿದೆ. ಹಾಗಾಗಿ ಬೊಂಬೆ ತರ ನಡೀತಾರೆ ಅನ್ನಬೇಡ. ಬೊಂಬೆಯಷ್ಟೂ ನಡೆಯುವುದಿಲ್ಲ ಅನ್ನು.

ಆದರೆ ನೀನು ಗಮನಿಸದೇ ಬಿಟ್ಟದ್ದು ಒಂದಿದೆ. ಅದು ಕೊನೆಯ ದೃಶ್ಯ.

ಹುಡುಗ ಮನೆಗೆ ಬರುತ್ತಾನೆ. ಚಿಕ್ಕಮ್ಮ ಮೇ ಜೊತೆ ಒಬ್ಬ ದೊಡ್ಡ ಮನುಷ್ಯ ಕೂತಿದ್ದಾನೆ, ನಾರ್ಮನ್ ಆಸ್ಬಾರ್ನ್. ಒಳ್ಳೇ ಬಟ್ಟೆ, ಗಂಭೀರ ಸ್ವರ. ಆ ಸ್ವರ ಕೋಲ್ಮನ್ ಡೊಮಿಂಗೊ ಅವರದ್ದಂತೆ. ನಮ್ಮ ಯಕ್ಷಗಾನ ಮೇಳದಲ್ಲಿದ್ದಿದ್ದರೆ ಅವರ ಮಾತುಗಾರಿಕೆ ಕೇಳಲು ಜನ ಮುಗಿಬೀಳುತ್ತಿದ್ದರು. ಹುಡುಗನಿಗೆ ತನ್ನ ಕಂಪನಿಯಲ್ಲಿ ಅವಕಾಶ ಕೊಡಲು ಬಂದಿದ್ದಾನೆ. 2016ರ ಸಿನಿಮಾದಲ್ಲಿ ಇದೇ ಜಾಗದಲ್ಲಿ ಕೂತಿದ್ದವನು ಟೋನಿ ಸ್ಟಾರ್ಕ್, ಅಂದರೆ ಐರನ್‌ಮ್ಯಾನ್, ಒಳ್ಳೆಯವನು. ಈಗ ಕೂತಿರುವವನು ಯಾರು ಅಂತ ಪುಸ್ತಕ ಓದಿದವರಿಗೆಲ್ಲ ಗೊತ್ತು. ಗ್ರೀನ್ ಗಾಬ್ಲಿನ್ ಎಂಬ ರಾಕ್ಷಸ 1964ರಲ್ಲಿ ಬಂದ. ಮುಖವಾಡದ ಒಳಗಿರುವುದು ಈ ನಾರ್ಮನ್ ಅಂತ 1966ರಲ್ಲಿ ಗೊತ್ತಾಯಿತು. ಚಿಕ್ಕಮ್ಮನಿಗೆ ಗೊತ್ತಿಲ್ಲ, ಹುಡುಗನಿಗೂ ಗೊತ್ತಿಲ್ಲ. ನಮಗೆ ಗೊತ್ತು.

ನಾನು ಚಿಕ್ಕವಳಿದ್ದಾಗ ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ವೇಷಕ್ಕೆ, ಹೆದರುತ್ತಿರಲಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ, ಅಂದರೆ ಬಿಳಿ ಚುಕ್ಕೆ, ಇಟ್ಟುಕೊಳ್ಳುವುದನ್ನು ನೋಡಿರುತ್ತಿದ್ದೆ. ಆಮೇಲೆ ತೆರೆಯ ಹಿಂದೆ ನಿಂತು ಎಷ್ಟು ಆರ್ಭಟ ಕೊಟ್ಟರೂ, ಬಂದ ಅಂತ ಗೊತ್ತಾಗುತ್ತಿತ್ತು, ಅಜ್ಜನ ಬೆನ್ನ ಹಿಂದೆ ಅಡಗಲು ಟೈಮ್ ಸಿಗುತ್ತಿತ್ತು. ಹೆದರಿಕೆ ಆಗುತ್ತಿದ್ದದ್ದು ಸನ್ಯಾಸಿ ರಾವಣನಿಗೆ. ಆರ್ಭಟ ಇಲ್ಲ, ಕಿರೀಟ ಇಲ್ಲ. ಕಾವಿ ಉಟ್ಟು, ಮೆಲ್ಲಗೆ ಬಂದು, ಅಮ್ಮಾ ಭಿಕ್ಷೆ ಅಂತ ಕೇಳುವವನು. ಮಾತು ಮೆತ್ತಗಾದಷ್ಟೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆ ನಾರ್ಮನ್ ಸೋಫಾದಲ್ಲಿ ಕೂತು ನಕ್ಕಾಗ ಅದೇ ಆಯಿತು. ಅರುವತ್ತು ವರ್ಷದ ಹಳೇ ಗುಟ್ಟನ್ನು ಗುಟ್ಟು ಅಂತ ಮಾರಲು ಹೋಗದೆ, ಎಲ್ಲರಿಗೂ ಗೊತ್ತಿದೆ ಎಂಬುದನ್ನೇ ದಾಳ ಮಾಡಿದ್ದಾರಲ್ಲ, ಅದು ಬರೆದವರ ಕೈ. ಓಕೆ ಅಂದುಬಿಟ್ಟೆಯಲ್ಲ ನೀನು!

ಮಧ್ಯದ ಹೊಡೆದಾಟ ಒಂದೆರಡು ಜಾಸ್ತಿ ಆಯಿತು. ಮನೆಯಲ್ಲೇ ಹೊಲಿದುಕೊಂಡ ವೇಷ ಚಂದ ಇದೆ, ಹೊಲಿಗೆ ಗೊತ್ತಿರುವ ನನಗೆ ನಗು ಬಂತು. ಗೆಳತಿ ನಿಕೋ ಬಗ್ಗೆ ಈಗಲೇ ಏನೂ ಹೇಳುವುದಿಲ್ಲ, ಅವಳು ಏನೋ ಬಚ್ಚಿಟ್ಟಿದ್ದಾಳೆ ಅನಿಸುತ್ತದೆ.

ಹತ್ತಕ್ಕೆ ಎಷ್ಟು ಅಂತ ಕೇಳಿದ್ದೀಯ. ಕಾಲಿಗೆ ನಾಲ್ಕು, ಸೋಫಾಕ್ಕೆ ಒಂಬತ್ತು. ಸರಾಸರಿ ನೀನೇ ಮಾಡಿಕೊ.

ನಿನ್ನ ಆನಿಮೇಶನ್ ಕ್ಲಾಸಿನಲ್ಲಿ ಒಬ್ಬ ಮನುಷ್ಯನನ್ನು ನಡೆಸುವ ಹೋಮ್‌ವರ್ಕ್ ಕೊಟ್ಟಿದ್ದಾರೆ ಅಂದಿದ್ದೆಯಲ್ಲ, ಮುಗಿದ ಮೇಲೆ ಕಳಿಸು. ಮ್ಯೂಸಿಕ್ ಹಾಕಬೇಡ. ಮಾವಿನ ಮಿಡಿ ಉಪ್ಪಿಗೆ ಹಾಕಿದ ಮೇಲೆ ಪಾರ್ಸೆಲ್ ಮಾಡುತ್ತೇನೆ, ಹಾಸ್ಟೆಲಿನ ಹೊಸ ಅಡ್ರೆಸ್ ಬರೆ.

ಅಮ್ಮ