ಮಣ್ಣು ಒಣಗಿಸದೆ ತನ್ನಿ

ಸ್ನೇಹಿತರೇ, ಭಾನುವಾರ ಹಾಸನಕ್ಕೆ ಪರೀಕ್ಷೆಗೆಂದು ಜೇಡಿಮಣ್ಣು ತರುವವರು ದಯವಿಟ್ಟು ಅದನ್ನು ಒಣಗಿಸಬೇಡಿ. ಅಗೆದ ಕೂಡಲೇ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ. ಅದರಲ್ಲಿ ಹ್ಯಾಲೊಯ್ಸೈಟ್ ಎಂಬ ಜೇಡಿ ಖನಿಜ ಇದ್ದರೆ ಅದರ ಪದರಗಳ ನಡುವಿನ ನೀರು ಒಣಗಿದರೆ ಹೋಯಿತು, ಮತ್ತೆ ಸೇರುವುದಿಲ್ಲ. ಪದರದ ಅಂತರ 10 ಆಂಗ್‌ಸ್ಟ್ರಾಮ್‌ನಿಂದ ಸುಮಾರು 7ಕ್ಕೆ ಕುಗ್ಗುತ್ತದೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರ್‌ನ ಕೋಟಿಯಲ್ಲೊಂದು ಭಾಗ). ಆಮೇಲೆ ಎಕ್ಸ್‌ರೇಯಲ್ಲಿ ಕೆಯೊಲಿನೈಟ್ ಎಂಬ ಇನ್ನೊಂದು ಜೇಡಿ ಖನಿಜದ ಥರಾನೇ ಕಾಣುತ್ತದೆ. ನಾವು ಹುಡುಕುತ್ತಿರುವುದೇ ಆ ವ್ಯತ್ಯಾಸ ಅಲ್ವಾ?

ಕೆಮ್ಮಣ್ಣಿನಲ್ಲಿ ಕೆಯೊಲಿನೈಟ್ ಜಾಸ್ತಿ. ಎರೆಮಣ್ಣು ಬಿರುಕು ಬಿಡುವುದು ಸ್ಮೆಕ್ಟೈಟ್ ಎಂಬ, ನೀರು ಕುಡಿದು ಉಬ್ಬಿ ಒಣಗಿದಾಗ ಕುಗ್ಗುವ ಜೇಡಿ ಖನಿಜದಿಂದ. ಗ್ಲೈಕಾಲ್ ಎಂಬ ದ್ರವ ಸೋಕಿಸಿದರೆ ಅದರ ಪದರಗಳು 17 ಆಂಗ್‌ಸ್ಟ್ರಾಮ್‌ವರೆಗೆ ಉಬ್ಬುತ್ತವೆ. ನನಗಂತೂ ಇದನ್ನು ಎಷ್ಟು ಸಲ ನೋಡಿದರೂ ಖುಷಿ. ಹಾಗಾಗಿ ಎರಡೂ ಬಗೆಯ ಮಣ್ಣು ಬೇಕು.

ಚಿಕ್ಕಮಗಳೂರಿನವರು ತೋಟದ ಮೇಲ್ಮಣ್ಣು ಬಿಟ್ಟು ಒಂದೆರಡು ಅಡಿ ಆಳದ್ದು ತನ್ನಿ. ಕವರ್ ಮೇಲೆ ಊರು, ಆಳ ಬರೆಯಿರಿ.