ಕಾಡಿನಲ್ಲಿ ಇನ್ನೂ ಒಬ್ಬರಿದ್ದಾರೆ

ಪ್ರೀತಿಯ ಮಾರಾಯ,

"ಬೇಸಿಗೆ ಬಂದರೆ ಕಾಡಲ್ಲಿ ಓಡ್ತೀಯಂತೆ, ಯಾರು ಅಟ್ಟಿಸಿಕೊಂಡು ಬರ್ತಾರೆ ನಿನ್ನನ್ನ?" ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ, ನಮ್ಮ ಹೈಸ್ಕೂಲಿನ ಬ್ಯಾಚಿನವರೂ ಓದಲಿ. ಬಟ್ಟೆಮಲ್ಲಪ್ಪದ ಬಸ್ಸಿನ ವಿಷಯ ಇದರಲ್ಲಿ ಬರುವುದಿಲ್ಲ, ಹೆದರಬೇಡ.

ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ ಮಾರಾಯ. ಇದಕ್ಕೆ ಓರಿಯೆಂಟಿಯರಿಂಗ್ ಅನ್ನುತ್ತಾರೆ. ಕೈಯಲ್ಲಿ ಒಂದು ಮ್ಯಾಪು, ಒಂದು ಕಂಪಾಸು. ಮ್ಯಾಪಿನ ಮೇಲೆ ನೇರಳೆ ಬಣ್ಣದ ವೃತ್ತಗಳಿರುತ್ತವೆ. ಒಂದೊಂದು ವೃತ್ತದ ನಡುವೆಯೂ, ನಿಜವಾದ ಕಾಡಿನಲ್ಲಿ, ಒಂದು ಬಂಡೆಯ ಪಕ್ಕವೋ ಹಳ್ಳದ ತಿರುವಿನಲ್ಲೋ ಕೇಸರಿ-ಬಿಳಿ ಬಟ್ಟೆ ನೇತಾಡುತ್ತಿರುತ್ತದೆ. ಅದನ್ನು ಹುಡುಕಬೇಕು, ಬೆರಳಿಗೆ ಕಟ್ಟಿಕೊಂಡ ಕಡ್ಡಿಯನ್ನು ಅಲ್ಲಿರುವ ಪೆಟ್ಟಿಗೆಯ ತೂತಿಗೆ ತಾಗಿಸಬೇಕು, ಅದು ಬೀಪ್ ಅಂದ ಮೇಲೆ ಮುಂದಿನದಕ್ಕೆ ಹೊರಡಬೇಕು. ದಾರಿ ಯಾವುದು ಅಂತ ಯಾರೂ ಹೇಳುವುದಿಲ್ಲ. ಕೆರೆ ಬಳಸಿ ಹೋಗುತ್ತೀಯೋ, ಗುಡ್ಡ ಹತ್ತಿ ಇಳಿಯುತ್ತೀಯೋ, ನಿನ್ನಿಷ್ಟ.

ಮೊದಮೊದಲು ನನಗೆ ತುಂಬ ಕಷ್ಟವಾಗಿದ್ದು ಬಣ್ಣ. ಈ ಮ್ಯಾಪಿನಲ್ಲಿ ಓಡಾಡಲು ಬರುವಂಥ ಕಾಡು ಬಿಳಿ. ಹಸಿರು ಅಂದರೆ ಒತ್ತಾಗಿ ಬೆಳೆದ, ನುಗ್ಗಲು ಕಷ್ಟವಾದ ಜಾಗ. ಬಯಲು ಹಳದಿ. ಮ್ಯಾಪನ್ನು ಸಣ್ಣದಾಗಿ ಮಡಚಿ, ಈಗ ಎಲ್ಲಿದ್ದೇನೋ ಅಲ್ಲಿ ಹೆಬ್ಬೆರಳು ಇಟ್ಟುಕೊಳ್ಳಬೇಕು. ಮುಂದೆ ಹೋದಂತೆ ಬೆರಳೂ ಜರುಗಬೇಕು. ಬೆರಳು ಒಂದು ಸಲ ತಪ್ಪಿತೋ, ಸುತ್ತ ಇರುವ ಪೈನ್ ಮರಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ.

ನಾನಿರುವ ಈ ಸ್ವೀಡನ್ನಿನಲ್ಲಿ ಸೈನ್ಯದವರು ತರಬೇತಿಗೆ ಅಂತ ಮಾಡುತ್ತಿದ್ದದ್ದು ಇದು. 1919ರಲ್ಲಿ ಅರ್ನ್‌ಸ್ಟ್ ಕಿಲ್ಲಾಂಡರ್ ಅನ್ನುವ ಸೇನಾಧಿಕಾರಿ ಸ್ಟಾಕ್‌ಹೋಮ್ ಪಕ್ಕದ ಸಾಲ್ಟ್‌ಶೋಬಾಡೆನ್‌ನಲ್ಲಿ ದೊಡ್ಡ ಸ್ಪರ್ಧೆ ಇಟ್ಟ ಮೇಲೆ ಊರೂರಿಗೆ ಹಬ್ಬಿತು. 1965ರಲ್ಲಿ ಶುರುವಾದ ಓ-ರಿಂಗೆನ್ ಅಂತ ಒಂದಿದೆ, ಜುಲೈನಲ್ಲಿ ನಡೆಯುವ ಐದು ದಿನದ ಜಾತ್ರೆ, ಸಾವಿರಾರು ಜನ ಸೇರುತ್ತಾರೆ. ನಮ್ಮದು ಅಷ್ಟು ದೊಡ್ಡದಲ್ಲ. ಸಣ್ಣ ಕ್ಲಬ್ಬು. ಬೇಸಿಗೆಯಲ್ಲಿ ವಾರಕ್ಕೊಂದು ಸಂಜೆ ಸೇರುತ್ತೇವೆ. ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತರ ತನಕ ಬಿಸಿಲಿರುತ್ತದೆ, ಹಾಗಾಗಿ ಆಫೀಸು ಮುಗಿಸಿ ಬಂದರೂ ಹೊತ್ತು ಸಾಕಾಗುತ್ತದೆ.

ನಮ್ಮ ಕಾಡಿನ ಥರ ಇಂಬಳ (ಜಿಗಣೆ) ಇಲ್ಲಿಲ್ಲ. ಉಣುಗು (ಉಣ್ಣೆ) ಇದೆ. ಅದು ಕಚ್ಚಿದರೆ ಮಿದುಳಿಗೆ ಏರುವ ಒಂದು ಜ್ವರ ಬರಬಹುದು. ಆ ವೈರಸ್ಸೂ, 1957ರಲ್ಲಿ ನಮ್ಮ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಹತ್ತಿರದ ಸಂಬಂಧಿಗಳು ಅಂತ ಗೊತ್ತಾದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಇಲ್ಲಿ ಅದಕ್ಕೆ ಒಳ್ಳೆಯ ಲಸಿಕೆ ಇದೆ, ಕಾಡಿಗೆ ಹೋಗುವವರು ಹಾಕಿಸಿಕೊಂಡೇ ಹೋಗುತ್ತಾರೆ. ಸೊಪ್ಪಿಗೆ, ದರಗಿಗೆ ಅಂತ ದಿನಾ ಕಾಡಿಗೆ ಹೋಗುವ ನಮ್ಮೂರಿನ ಹೆಂಗಸರಿಗೂ ಇಂಥದ್ದೊಂದು ಸಿಗಬೇಕಲ್ವಾ?

ಇರಲಿ, ನಿನಗೆ ಹೇಳಬೇಕೆಂದಿದ್ದು ಓಡುವವರ ವಿಷಯಕ್ಕಿಂತ ಕೂರುವವರ ವಿಷಯ.

ಇದನ್ನೆಲ್ಲ ನಡೆಸುವವರು ಸಂಬಳದವರಲ್ಲ. ಈ ವಾರ ಓಡಿದವನು ಮುಂದಿನ ವಾರ ಹಳದಿ ಜಾಕೀಟು ಹಾಕಿಕೊಂಡು ಕಾರು ನಿಲ್ಲಿಸಲು ಜಾಗ ತೋರಿಸುತ್ತಿರುತ್ತಾನೆ. ಒಬ್ಬಳು ದಾಲ್ಚಿನ್ನಿ ಬನ್ ಸುಟ್ಟು ತರುತ್ತಾಳೆ. ಜಮೀನಿನವರ ಹತ್ತಿರ ಮಾತಾಡಿಕೊಂಡು ಬರುವುದಕ್ಕೆ ಒಬ್ಬರಿದ್ದಾರೆ. ಮಧ್ಯಾಹ್ನವೇ ಕಾಡಿಗೆ ಹೋಗಿ ಕಬ್ಬಿಣದ ಸರಳು ನೆಟ್ಟು, ಬಟ್ಟೆ ನೇತುಹಾಕಿ, ಪೆಟ್ಟಿಗೆಯ ನಂಬರು ಸರಿ ಇದೆಯಾ ಅಂತ ನೋಡಿ ಬರುವವರು ಬೇರೆ. ನಂಬರು 31ರಿಂದ ಶುರುವಾಗುತ್ತದೆ. ಎಷ್ಟನೇ ವೃತ್ತ ಅನ್ನುವುದೂ ಪೆಟ್ಟಿಗೆ ನಂಬರೂ ಕಲಸಿಹೋಗಬಾರದು ಅಂತ ಹಾಗೆ ಮಾಡಿದ್ದಾರೆ. ಎಂಟು ವರ್ಷದ ಹುಡುಗಿಯೊಬ್ಬಳು ಮ್ಯಾಪು ಹಿಡಿದು ಮುಂದೆ ಹೋಗುತ್ತಾಳೆ, ಅಮ್ಮ ಹಿಂದಿನಿಂದ ಬಾಯಿ ಬಿಡದೆ ನಡೆಯುತ್ತಾಳೆ. ಆ ಬಾಯಿ ಬಿಡದೆ ಇರುವುದಿದೆಯಲ್ಲ, ಅದೇ ಕಷ್ಟದ ಕೆಲಸ ಅಂತ ನನಗೆ ಅನ್ನಿಸುತ್ತದೆ.

ನನಗೆ ಕೊಟ್ಟಿರುವುದು ಕೊನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರುವ ಕೆಲಸ. ಬಂದವರ ಕಡ್ಡಿಯಲ್ಲಿ ಏನೇನು ದಾಖಲಾಗಿದೆ ಅಂತ ಓದಿಸಿ, ಚೀಟಿ ಹರಿದು ಕೊಡುವುದು. ತೆರೆಯ ಮೇಲೆ ಒಂದು ಪಟ್ಟಿ ಇರುತ್ತದೆ, ಇನ್ನೂ ಕಾಡಿನಲ್ಲಿ ಇರುವವರದು. ಒಬ್ಬೊಬ್ಬರು ಬಂದಂತೆ ಒಂದೊಂದೇ ಹೆಸರು ಹೋಗುತ್ತದೆ. ಇಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಮೀರದ ಒಂದು ನಿಯಮ ಅಂದರೆ ಇದು: ಅರ್ಧಕ್ಕೇ ಬಿಟ್ಟರೂ ಪರವಾಗಿಲ್ಲ, ಒಂದೂ ಸಿಗದಿದ್ದರೂ ಪರವಾಗಿಲ್ಲ, ಆದರೆ ಬಂದು ಹೇಳಿ ಹೋಗಬೇಕು. ಸೀದಾ ಮನೆಗೆ ಹೋಗುವ ಹಾಗಿಲ್ಲ.

ಮೊನ್ನೆ ಪಟ್ಟಿಯಲ್ಲಿ ಒಂದು ಹೆಸರು ಉಳಿಯಿತು. ಎಂಬತ್ತು ದಾಟಿದ ಅಜ್ಜ. ಟೆಂಟು ಬಿಚ್ಚಿಯಾಗಿತ್ತು, ಬನ್ನು ಖಾಲಿಯಾಗಿತ್ತು, ಸೊಳ್ಳೆ ಶುರುವಾಗಿತ್ತು. ಯಾರೂ ಹೊರಡಲಿಲ್ಲ. ಗಡಿಬಿಡಿಯನ್ನೂ ಮಾಡಲಿಲ್ಲ. ಕಾಡಿನಿಂದ ಬಟ್ಟೆ-ಪೆಟ್ಟಿಗೆ ಕಿತ್ತು ತರಲು ಹೊರಟಿದ್ದ ಇಬ್ಬರಿಗೆ, ಆ ಅಜ್ಜನ ದಾರಿಯಲ್ಲಿರುವುದನ್ನು ಕೊನೆಗೆ ಕೀಳಿ ಅಂತ ಹೇಳಿದರು. ಆ ದಿನದ ವೃತ್ತಗಳನ್ನು ಗುರುತು ಹಾಕಿದಾಕೆ ಮ್ಯಾಪು ನೋಡಿ, "ಇಲ್ಲಿ ಜೌಗು ಇದೆ, ಅವರು ಬಳಸಿ ಬರುತ್ತಾರೆ, ಹೊತ್ತಾಗುತ್ತದೆ" ಅಂದಳು. ಹಾಗೇ ಆಯಿತು. ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದರು, ಎಲ್ಲ ಪೆಟ್ಟಿಗೆಗಳನ್ನೂ ಮುಗಿಸಿದ್ದರು. ಅವರಿಗೆ ಅಂತ ಫ್ಲಾಸ್ಕಿನಲ್ಲಿ ಕಾಫಿ ಎತ್ತಿಟ್ಟಿದ್ದರು. ಅದನ್ನು ಕುಡಿಯುತ್ತಾ, ಮ್ಯಾಪಿನ ಮೇಲೆ ಬೆರಳಿಟ್ಟು, ಎಲ್ಲಿ ಎಡಕ್ಕೆ ತಿರುಗಿದೆ, ಯಾಕೆ ತಿರುಗಿದೆ ಅಂತ ನನಗೆ ನಿಧಾನವಾಗಿ ವಿವರಿಸಿದರು. ಪಟ್ಟಿ ಖಾಲಿ ಆಯಿತು. ಆಮೇಲೆ ಕಾರುಗಳು ಹೊರಟವು.

ಅವತ್ತು ಮನೆಗೆ ಬಂದ ಮೇಲೆ ನಿನ್ನಜ್ಜ ನೆನಪಾದರು. ಸೊಪ್ಪಿಗೆ ಹೋದವರು ಹೊತ್ತಾದರೂ ಬರದಿದ್ದರೆ ಅಂಗಳದ ತುದಿಯಲ್ಲಿ ನಿಂತು ಕೂ ಹಾಕುತ್ತಿದ್ದರಲ್ಲ, ಅತ್ತ ಕಡೆಯಿಂದ ಕೂ ಕೇಳಿದ ಮೇಲೇ ಅವರು ಕೈಕಾಲು ತೊಳೆಯಲು ಹೋಗುತ್ತಿದ್ದದ್ದು. ನಮ್ಮೂರಿನಲ್ಲಿ ಪೇಟೆಗೆ ಹೊರಟರೂ ನಾಲ್ಕು ಕಡೆ ಲೆಕ್ಕ ಕೊಡಬೇಕಿತ್ತು. "ಎಲ್ಲಿಗೆ ಹೊರಟಿದ್ದು? ಬರೋದು ಯಾವಾಗ?" ಆ ಪ್ರಶ್ನೆಗೆ ನಾವು ಎಷ್ಟು ಸಿಡುಕುತ್ತಿದ್ದೆವು ಅಲ್ವಾ. ಅದನ್ನು ಕೇಳದ ಊರಿಗೆ ಹೋಗಬೇಕು ಅಂತಲೇ ನಾನು ಓದಿದ್ದು ಅಂದರೂ ಸುಳ್ಳಲ್ಲ. ಸಿಕ್ಕಿತು ಅಂಥ ಊರು.

ಹೋದ ಚಳಿಗಾಲ ನನಗೆ ಜ್ವರ ಬಂದಿತ್ತು ಮಾರಾಯ. ನಿನಗೆ ಹೇಳಿರಲಿಲ್ಲ. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡು ಮಲಗಿದವನು. ಭಾನುವಾರ ಅಮ್ಮ ಫೋನು ಮಾಡಿದಾಗ ಚೆನ್ನಾಗಿದ್ದೇನೆ ಅಂದೆ. ದನಿ ಯಾಕೋ ಒಂಥರಾ ಇದೆ ಅಂದಳು, ಚಳಿಗೆ ಅಂದೆ. ಸೋಮವಾರ ಮೀಟಿಂಗಿಗೆ ಸೇರದೆ ಹೋದಾಗ ಆಫೀಸಿನಿಂದ ಒಂದು ಮೆಸೇಜು ಬಂತು. ಜ್ವರ ದೊಡ್ಡದೇನಲ್ಲ, ಬಂತು, ಹೋಯಿತು. ಆದರೆ ನಾನು ಹೊರಗೆ ಹೋಗಿದ್ದೇನೋ ಒಳಗೇ ಬಿದ್ದುಕೊಂಡಿದ್ದೇನೋ ಅನ್ನುವುದು ಈ ಊರಿನಲ್ಲಿ ಯಾರ ಲೆಕ್ಕದಲ್ಲೂ ಇಲ್ಲ ಅಂತ ಆ ಮೂರು ರಾತ್ರಿ ಗೊತ್ತಾಯಿತು, ಆಮೇಲೆ ಅದು ಮರೆಯಲಿಲ್ಲ. ಇಲ್ಲಿ ಒಬ್ಬೊಬ್ಬರೇ ಇರುವ ಮನೆಗಳು ತುಂಬ ಜಾಸ್ತಿ. ಆ ಅಜ್ಜನದೂ ಅಂಥದ್ದೇ ಮನೆ. ಓಡುವುದು ನನಗೆ ಇಷ್ಟ, ನಿಜ. ಆದರೆ ನಾನು ಅಲ್ಲಿಗೆ ತಪ್ಪದೆ ಹೋಗುವುದು ಯಾಕೆ ಅಂದರೆ, ನಾನು ಓಡುವ ಸಂಜೆ ನನ್ನ ಹೆಸರೂ ಆ ಪಟ್ಟಿಯಲ್ಲಿ ಇರುತ್ತದೆ. ನಾನು ಬರುವ ತನಕ ಯಾರೋ ಒಬ್ಬರು ಆ ಕುರ್ಚಿಯಿಂದ ಏಳುವುದಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಮ್ಮನಿಗೆ ಓದಿ ಹೇಳುವುದಾದರೆ ಮೇಲಿನ ನನ್ನ ಜ್ವರದ ವಿಷಯವೊಂದು ಬಿಟ್ಟು ಉಳಿದದ್ದು ಓದು. ಉಣುಗಿನ ವಿಷಯವನ್ನೂ ಬಿಟ್ಟುಬಿಡು.

ಬರುವ ವರ್ಷ ಜುಲೈನಲ್ಲಿ ನೀನು ಇಲ್ಲಿಗೆ ಬಾ. ಅಡಿಕೆಗೆ ಔಷಧಿ ಹೊಡೆಯುವ ಹೊತ್ತು, ಮಳೆ, ಆಗಲ್ಲ ಅಂತೀಯ, ಗೊತ್ತು. ತಮ್ಮನಿಗೆ ಹೇಳಿ ಬಾ. ಆಗ ಕಾಡಿನ ತುಂಬ ಬ್ಲೂಬೆರಿ ಹಣ್ಣಾಗಿರುತ್ತದೆ, ಬೇರೆಯವರ ಜಾಗದಲ್ಲೂ ಕಿತ್ತು ತಿನ್ನಬಹುದು, ಇಲ್ಲಿ ಅದು ಎಲ್ಲರ ಹಕ್ಕು. ಮಾರಿಜಾತ್ರೆಯಲ್ಲಿ ಮೈಕ್ ಹಿಡಿದು "ಕೆಂಪು ಅಂಗಿಯ ಮಗು ನಮ್ಮ ಹತ್ತಿರ ಇದೆ, ಅಪ್ಪ-ಅಮ್ಮ ಬೇಗ ಬನ್ನಿ" ಅಂತ ರಾತ್ರಿಯಿಡೀ ಕೂಗಿದವನು ನೀನು, ಕ್ಲಬ್ಬಿನವರಿಗೆ ನಿನ್ನ ಬಗ್ಗೆ ಹೇಳಿಟ್ಟಿದ್ದೇನೆ. ಪಾರ್ಕಿಂಗಿಗೆ ಜನ ಬೇಕಂತೆ. ಅಪ್ಪೆಮಿಡಿ ತರುವುದಾದರೆ ಗಾಜಿನ ಬಾಟಲಿಯಲ್ಲಿ ಬೇಡ, ಡಬ್ಬಿಗೆ ಹಾಕಿ ಮುಚ್ಚಳಕ್ಕೆ ಟೇಪು ಸುತ್ತು. ಪಾಸ್‌ಪೋರ್ಟಿಗೆ ಈ ತಿಂಗಳೇ ಅರ್ಜಿ ಹಾಕು.

ನಿನ್ನ,
ಹಿಂದಿನ ಬೆಂಚಿನವನು